ಇಪ್ಪತ್ನಾಲ್ಕು ಗಂಟೆಯ ಒಳರೋಗಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹರ್ನಿಯಾ ಆಪರೇಷನ್ ಸುಸೂತ್ರವಾಗಿ ಮುಗಿದು, ಡಾಕ್ಟರು ಮನೆಗೆ ಹೋಗಿ ಎಂದ ಮೇಲೂ ನಮ್ಮ ಮಾಮ ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ಆಸ್ಪತ್ರೆಯ ಮಂಚ ಬಿಟ್ಟು ಏಳದೆ ಕೂತದ್ದಕ್ಕೆ ಕಾರಣ ನಾನು. ಅವರಿಗೆ ಸಿಕ್ಕ ತಪ್ಪು ಸಲಹೆ ನನ್ನದು, ದನಿ ಮಾತ್ರ ಬೇರೆಯವರದು. ಬೇರೆಯವರಂತೆ ಮಾತಾಡುವ ಈ ಚಟ ನನಗೆ ಯಾವಾಗ ಅಂಟಿತೋ ತಿಳಿಯದು. ಸೌತ್ ಸಿ ಬಡಾವಣೆಯ ನನ್ನ ಮನೆ ಮಾಲೀಕರ ಕೆಮ್ಮು, ಸೀಟೇ ಇಲ್ಲದ ಮಟಾಟು ವ್ಯಾನಿಗೆ ಇನ್ನೂ ಇಬ್ಬರನ್ನು ಕರೆಯುವ ಕಂಡಕ್ಟರನ ವಿನಯ, ನಮ್ಮ ಕನ್ನಡ ಕೂಟದ ಅಧ್ಯಕ್ಷರು "ಎರಡೇ ಮಾತು" ಎಂದು ಶುರುಮಾಡಿ ಊಟ ಆರುವವರೆಗೆ ಎಳೆಯುವುದು, ಎಲ್ಲವೂ ನನ್ನ ಗಂಟಲಲ್ಲಿವೆ. ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ. ಈಗಿನ ಕೆಲಸದ ಇಂಟರ್‌ವ್ಯೂನಲ್ಲಿ ಧೈರ್ಯ ಸಾಲದೆ ನನ್ನ ಹಳೆಯ ಬಾಸ್‌ನ ದನಿಯಲ್ಲಿ ಮಾತಾಡಿದ್ದೆ. ಕೆಲಸ ಸಿಕ್ಕಿತು. ಅಂದಿನಿಂದ ಎಲ್ಲ ಮೀಟಿಂಗಿನಲ್ಲೂ ಆ ಮನುಷ್ಯನಾಗಿಯೇ ಕೂರಬೇಕಾಗಿದೆ.

ವಾಸುದೇವ ಮಾಮ ನನ್ನ ಅಮ್ಮನ ತಮ್ಮ. ನೈರೋಬಿಯ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದಾರೆ. ಶಾಲೆ ಕೊಟ್ಟ ಆರೋಗ್ಯ ವಿಮೆಯಲ್ಲಿ ಎರಡು ಭಾಗ: ಒಳರೋಗಿಗೆ ದೊಡ್ಡದು, ಹೊರರೋಗಿಗೆ ಚಿಕ್ಕದು. ಚಿಕ್ಕದರಲ್ಲಿ ಕೆಮ್ಮು, ಕನ್ನಡಕ, ಅತ್ತೆಯ ಹಲ್ಲು ಇಷ್ಟು ಹಿಡಿಸಬಹುದು. ಹರ್ನಿಯಾ ಖಂಡಿತ ಹಿಡಿಸದು. ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದೇ ಮಾಮನ ನಿದ್ದೆ ಹಾರಿತು. "ಬೆಳಗ್ಗೆ ಹೋಗಿ ಸಾಯಂಕಾಲ ಬರೋದು ನಾನು ಸ್ಕೂಲಿಗೂ ಮಾಡ್ತೀನಿ. ಅದು ಹೇಗೋ ಅಡ್ಮಿಷನ್ ಆಗುತ್ತೆ?" ಅವರ ಮೈಸೂರಿನ ನೆರೆಯವರೊಬ್ಬರು ಹಿಂದೆ ಕಾಲ್ಬೆರಳಿನ ಚಿಕಿತ್ಸೆಗೆ, ಇಪ್ಪತ್ನಾಲ್ಕು ಗಂಟೆ ಮಲಗಿದರಷ್ಟೇ ವಿಮೆ ಎಂಬ ನಿಯಮಕ್ಕಾಗಿಯೇ ಒಂದು ರಾತ್ರಿ ವಾರ್ಡಿನ ಉಪ್ಪಿಟ್ಟು ತಿಂದು ಮಲಗಿದ್ದರಂತೆ. ಮಾಮನ ಪ್ರಕಾರ ಆ ನಿಯಮ ಬೆಳಕಿನ ವೇಗದ ಹಾಗೆ, ಯಾವ ದೇಶಕ್ಕೆ ಹೋದರೂ ಬದಲಾಗದು.

ವಿಮಾ ಕಂಪನಿಯಲ್ಲಿ ಈ ಕಡತ ನೋಡುತ್ತಿದ್ದವರು ಮಿಸ್ ವಾಂಬುಯಿ. ನಿಧಾನವಾದ ಇಂಗ್ಲಿಷು, ಪ್ರತಿ ವಾಕ್ಯದ ಕೊನೆಗೆ ಬಾಗಿಲು ಮೆಲ್ಲನೆ ಮುಚ್ಚಿದಂತೆ ಒಂದು "ಸವಾ?", ಸ್ವಾಹಿಲಿಯಲ್ಲಿ "ಸರಿ ತಾನೇ?" ದಿನದೊಳಗೆ ಮುಗಿಯುವ ಆಪರೇಷನ್ನೂ ಒಳರೋಗಿಯ ಭಾಗಕ್ಕೇ ಸೇರುತ್ತದೆ, ಮೊದಲೇ ಅನುಮತಿ ಪಡೆದಿದ್ದರೆ ಸಾಕು, ಸವಾ? ಮಾಮ "ಸವಾ ಸವಾ" ಎಂದು ಫೋನಿಟ್ಟು, ಮಾರನೆಯ ದಿನ ಮತ್ತೆ ಅದನ್ನೇ ಕೇಳುತ್ತಿದ್ದರು. ಹೊಸ ಪ್ರಶ್ನೆ ಹಾಕಿದರೆ ಆಕೆ "ವಿಚಾರಿಸಿ ಹೇಳುತ್ತೇನೆ ಸರ್" ಎಂದು ಹೇಳಿ, ನಿಜವಾಗಿಯೂ ವಿಚಾರಿಸಿ ಹೇಳುತ್ತಿದ್ದರು. ಸ್ಪೀಕರಿನಲ್ಲಿ ಕೇಳಿ ಕೇಳಿ ಆಕೆಯ ದನಿ ನನಗೆ ಕರಗತವಾಯಿತು. ವಿಚಾರಿಸಿ ಹೇಳುವ ಭಾಗವನ್ನು ಮಾತ್ರ ಕಲಿಯಲಿಲ್ಲ, ಅದರಲ್ಲಿ ನಗು ಬರುವಂಥದ್ದೇನೂ ಇರಲಿಲ್ಲ.

ಒಂದು ಮಧ್ಯಾಹ್ನ ಆಫೀಸಿನ ಫೋನಿನಿಂದ ಮಾಮನಿಗೆ ಆಕೆಯ ದನಿಯಲ್ಲಿ ಕರೆಮಾಡಿದೆ. "ಸರ್, ನೀವು ಹೇಳಿದ್ದೇ ಸರಿ. ಇಪ್ಪತ್ನಾಲ್ಕು ಗಂಟೆ ಮಲಗಬೇಕು. ಒಂದು ನಿಮಿಷ ಕಡಿಮೆಯಾದರೂ ಹೊರರೋಗಿ. ನಿದ್ದೆ ಮಾಡಿದ್ದಕ್ಕೆ ಒಬ್ಬ ಸಾಕ್ಷಿ ಬೇಕು, ಸವಾ?" ಸಾಕ್ಷಿ ಎಂದಾಗಲಾದರೂ ನಗುತ್ತಾರೆ ಎಂದುಕೊಂಡಿದ್ದೆ. ಆ ಕಡೆಯಿಂದ ಪೆನ್ನು ಗೀಚುವ ಸದ್ದು ಕೇಳಿಸಿತು. ಭಾನುವಾರ ಊಟಕ್ಕೆ ಹೋದಾಗ ನಿಜ ಹೇಳೋಣವೆಂದಿದ್ದೆ. ಆದರೆ ಎರಡು ವಾರಗಳಲ್ಲಿ ಮೊದಲ ಸಲ ಮಾಮ ನೆಮ್ಮದಿಯಾಗಿ ಎರಡನೇ ಸಲ ಹುಳಿ ಬಡಿಸಿಕೊಳ್ಳುತ್ತಿದ್ದರು. ನಾನೂ ಬಡಿಸಿಕೊಂಡೆ.

ಆಪರೇಷನ್ ದಿನ ಮಾಮ ಸ್ವಂತ ದಿಂಬು, ಹೊದಿಕೆ, ಅಲಾರಂ ಗಡಿಯಾರದ ಸಮೇತ ಹಾಜರಾದರು. ಸಾಕ್ಷಿಯಾಗಿ ನನ್ನನ್ನೂ ಕರೆತಂದಿದ್ದರು. ಬೆಳಗ್ಗೆ ಎಂಟಕ್ಕೆ ಒಳಗೆ ಹೋದರು, ಮೂರು ಗಂಟೆಗೆ ಎದ್ದು ಓಡಾಡಿದರು, ನಾಲ್ಕಕ್ಕೆ ಡಾಕ್ಟರು ಡಿಸ್ಚಾರ್ಜ್ ಬರೆದರು. ಮಾಮ ಗಡಿಯಾರ ನೋಡಿ, "ಇನ್ನೂ ಹದಿನಾರು ಗಂಟೆ ಇದೆ" ಎಂದು ಹೊದಿಕೆ ಎಳೆದುಕೊಂಡರು. ಈ ವಾರ್ಡು ಆರಕ್ಕೆ ಮುಚ್ಚುತ್ತದೆ ಎಂದು ನರ್ಸ್ ಹೇಳಿದಳು. ಡಾಕ್ಟರ ಕಾರಣವಿಲ್ಲದೆ ರಾತ್ರಿ ಉಳಿದರೆ ಕೊಟ್ಟ ಅನುಮತಿಯೇ ಮರುಪರಿಶೀಲನೆಗೆ ಹೋಗುತ್ತದೆ, ಇಡೀ ಆಪರೇಷನ್ನೇ ವಿಮೆಯಿಂದ ಹೊರಗೆ ಬೀಳಬಹುದು ಎಂದೂ ಹೇಳಿದಳು. ಮಾಮನ ಮಗಳು ಅನನ್ಯಾ, ಇಲ್ಲೇ ಬೆಳೆದವಳು, ಫೋನಿನಿಂದ ತಲೆ ಎತ್ತದೆ "ಅಪ್ಪಾ, ಜಸ್ಟ್ ಗೋ ಹೋಮ್" ಎಂದಳು. "ನಿಂಗೆ ರೂಲ್ಸ್ ಗೊತ್ತಿಲ್ಲ, ಸುಮ್ನಿರಮ್ಮ" ಎಂದರು ಮಾಮ.

ನಾನು ಜತೆಗೆ ಬಂದಿದ್ದ ಅತ್ತೆಯನ್ನು ಕಾರಿಡಾರಿಗೆ ಕರೆದು ನಡೆದದ್ದನ್ನು ಹೇಳಿದೆ. ಅತ್ತೆ ಕೂಗಾಡುವವರಲ್ಲ. "ದೇವರು ನಿಂಗೆ ಕೊಟ್ಟಿರೋದೇ ಒಂದು ಬಾಯಿ. ಒಳಗ್ ಹೋಗಿ ಆ ಬಾಯಿ ಬಿಡು" ಎಂದು ಬಾಗಿಲು ತೆರೆದು ಹಿಡಿದರು.

"ಮಾಮ, ಆವತ್ತು ಫೋನಲ್ಲಿ ಮಾತಾಡಿದ್ದು ನಾನು."

"ನನ್ನ ಎಬ್ಸಕ್ಕೆ ಈ ನಾಟಕನಾ? ನಿನ್ ದನಿ ನಂಗೆ ಗೊತ್ತಾಗಲ್ವೇನೋ? ಆ ಹುಡುಗಿ ಎಷ್ಟು ಡೀಸೆಂಟಾಗಿ ಮಾತಾಡಿದ್ಳು."

ಹೊಗಳಿಕೆಯಿಂದ ಖುಷಿಯಾದದ್ದು ಸುಳ್ಳಲ್ಲ. ಆದರೆ ಐದೂಕಾಲಾಗಿತ್ತು. ನಿಜವನ್ನು ಸಾಬೀತುಪಡಿಸಲು ಒಂದೇ ದಾರಿ ಉಳಿದಿತ್ತು. ಮಂಚದ ಕಾಲ ಬಳಿ ನಿಂತು, ಕತ್ತು ಓರೆಮಾಡಿ, ಮೊದಲಿಂದ ಕೊನೆವರೆಗೆ ಒಪ್ಪಿಸಿದೆ: ಇಪ್ಪತ್ನಾಲ್ಕು ಗಂಟೆ, ಒಂದು ನಿಮಿಷ, ಸಾಕ್ಷಿ, ಸವಾ? ಮಾಮ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದಾಚೆ ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ ಕೊರಳಿಗೆ ವಿಮಾ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡ, ನಾನೆಂದೂ ಕಂಡಿರದ ಹೆಂಗಸೊಬ್ಬರು ನಿಂತಿದ್ದರು. ಹಾಸಿಗೆ ಬಿಡದ ರೋಗಿಯ ವಿಷಯ ನರ್ಸ್ ಕೆಳಗಿನ ಅವರ ಕೌಂಟರಿಗೆ ತಿಳಿಸಿದ್ದಳಂತೆ.

"ಸರ್, ನೀವು ಮನೆಗೆ ಹೋಗಬಹುದು. ಆಪರೇಷನ್ ಒಳರೋಗಿಯ ಭಾಗದಲ್ಲೇ ಇದೆ, ಸವಾ?"

ಮಾಮ ಆಕೆಯ ತುಟಿ ನೋಡಿದರು, ನನ್ನ ತುಟಿ ನೋಡಿದರು. ಆಮೇಲೆ ನನಗೆ, "ಕೈಯಿಂದ ಬಾಯಿ ಮುಚ್ಕೋ" ಎಂದರು. ಮುಚ್ಚಿಕೊಂಡೆ. "ಪ್ಲೀಸ್ ಮೇಡಂ, ಒನ್ಸ್ ಮೋರ್." ಆಕೆ ಒಂದು ಅಕ್ಷರವೂ ಬದಲಿಸದೆ ಮತ್ತೊಮ್ಮೆ ಹೇಳಿದರು. ಮಾಮ ಗಡಿಯಾರವನ್ನು ಚೀಲಕ್ಕೆ ಹಾಕಿ, ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಎದ್ದರು. ದಿಂಬನ್ನು ನನ್ನ ತಲೆಯ ಮೇಲೆ ಇಟ್ಟರು, ಹೊರಲಿಕ್ಕೆ.

ಲಿಫ್ಟಿನ ಬಳಿ ದಿಂಬು ಹೊತ್ತುಕೊಂಡೇ ಮಿಸ್ ವಾಂಬುಯಿಯ ಕ್ಷಮೆ ಕೇಳಿದೆ. ಆಕೆ ತಲೆಯಾಡಿಸಿದರು. ನನ್ನಂಥವನು ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸದೆ, ದನಿ ಸರಿಯಾಗಿ ಬಂದಿತ್ತೇ ಎಂದು ಕೇಳಿದೆ. ಆಕೆ ಲಿಫ್ಟಿನೊಳಗೆ ಹೋಗಿ ಗುಂಡಿ ಒತ್ತಿ, ಬಾಗಿಲು ಮುಚ್ಚುವ ಮೊದಲು ನಿಧಾನವಾಗಿ ಹೇಳಿದರು:

"ವಿಚಾರಿಸಿ ಹೇಳುತ್ತೇನೆ, ಸವಾ?"