ಬಿಟ್ಟುಹೋದ ಎರಡಕ್ಷರ

ನಡೆದದ್ದು ಇಷ್ಟೇ: ನನ್ನ ಮೈದುನನ ಮದುವೆ ಕೆಟ್ಟದ್ದು ನನ್ನ ಬಾಯಿಂದ, ಕೂಡಿಬಂದದ್ದು ನನ್ನ ಕಿವಿ ಕಿವುಡಾದದ್ದರಿಂದ. ಜಾತಕ, ಋಣಾನುಬಂಧ ಅಂತ ಮನೆಯವರು ಮೊಮ್ಮಕ್ಕಳಿಗೆ ಬೇರೆ ಕಥೆ ಹೇಳುತ್ತಾರೆ. ನಂಬಬೇಡಿ.

ಪೀಣ್ಯದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಮೈದುನ ಅಲ್ಲೊಂದು ಶೆಡ್ಡಿನಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುತ್ತಿದ್ದ. ಒಳ್ಳೆಯ ಹುಡುಗ, ಆದರೆ ತಲೆಯಲ್ಲಿ ಮಿದುಳಿನ ಜಾಗಕ್ಕೆ ಎಂಜಿನ್ನು ಕೂತಿತ್ತು. ದಾಸರಹಳ್ಳಿಯ ನಮ್ಮ ಜಗಲಿಯಲ್ಲಿ ಮುದ್ದೆ ಮುರಿಯುತ್ತಾ, ತುಮಕೂರು ರಸ್ತೆಯ ಲಾರಿಯನ್ನು ಕಣ್ಣೆತ್ತಿಯೂ ನೋಡದೆ, ಬರೀ ಸದ್ದಿನ ಮೇಲೆ "ಇದ್ಕೆ ನಾಳೆ ಕ್ಲಚ್ ಓಯ್ತದೆ" ಅನ್ನುತ್ತಿದ್ದ. ಒಂದು ದಿನ ನಾನು ಒರಳಲ್ಲಿ ರುಬ್ಬುತ್ತಿದ್ದರೆ, "ಅತ್ಗೆ, ಬೇರಿಂಗ್ ಸರಿಯಿಲ್ಲ" ಅಂದ. ಒರಳಿಗೆ ಬೇರಿಂಗು ಎಲ್ಲಿಂದ ಬರಬೇಕು?

"ನಿನ್ನ ತಲೇದು ತಗ್ದು ಆಕ್ತೀನಿ, ಸುಮ್ನೆ ಉಣ್ಣು" ಅಂದೆ.

ಇಂಥವನಿಗೆ ಮಾಕಳಿಯಿಂದ ಸಂಬಂಧ ಬಂತು. ಇವನಿಗೆ ಹುಡುಗಿ ಹಿಡಿಸಿದ್ದಳು, ಅವಳಿಗೂ ಇವನು ಹಿಡಿಸಿದ್ದ. ಹುಡುಗಿಯ ಅಪ್ಪ ಮನೆ ನೋಡಲು ಬಂದವರು ಬಜ್ಜಿ ತಿನ್ನುತ್ತಾ, "ಉಡುಗ್ನಿಗೆ ಏನಾರ ಚಟ ಐತಾ ತಾಯಿ?" ಎಂದು ಕೇಳಿದರು.

"ಚಟ ಗಿಟ ಏನೂ ಇಲ್ಲ. ವರ್ಸಕ್ಕೊಂದ್ಸಲ ರೇಸ್ಗೋಯ್ತಾನೆ, ಅಷ್ಟೇಯ."

ಬೆಂಗಳೂರಿನಲ್ಲಿ ರೇಸು ಅಂದರೆ ಏನೆಂದು ಕೂಸಿಗೂ ಗೊತ್ತು. ಕುದುರೆ, ಜೂಜು, ಆಮೇಲೆ ಹೆಂಡತಿಯ ಓಲೆ ಅಡವಿಗೆ. ಅರ್ಧ ಕಚ್ಚಿದ ಬಜ್ಜಿಯನ್ನು ತಟ್ಟೆಗಿಟ್ಟು ಅವರು ಎದ್ದೇ ಹೋದರು.

ಮೈದುನ ಬೈಯಲಿಲ್ಲ. "ರೇಸಿನ ಮುಂದೆ ಕಾರು ಅನ್ನೋ ಎರಡಕ್ಷರ ಸೇರ್ಸಿದ್ರೆ ನಿಮ್ಮ ಗಂಟೇನು ಓಯ್ತಿತ್ತು ಅತ್ಗೆ?" ಅಂದ. ಆಮೇಲೆ ಎರಡು ದಿನ ಲಾರಿಗಳಿಗೂ ಕಿವಿಗೊಡಲಿಲ್ಲ. ನನಗೆ ಭಯವಾದದ್ದು ಆಗ.

ಕಾರು ರೇಸು ಎಂದು ಹೇಳಿಕಳಿಸಿದರೆ ಮಾಕಳಿಯವರು ನಂಬಲಿಲ್ಲ. ನಿಮ್ಮ ಮನೆಯ ಹಿರಿಯರು ಯಾರಾದರೂ ಕಣ್ಣಾರೆ ನೋಡಿಬಂದು ಹೇಳಲಿ ಅಂದರು. ನನ್ನ ಗಂಡನಿಗೆ ರಜೆ ಇಲ್ಲ. "ಕೆಡ್ಸಿದ್ದು ನೀನು, ನೀನೇ ಓಗು" ಅಂದರು.

ರೇಸು ನಡೆಯುತ್ತಿದ್ದದ್ದು ಮದರಾಸಿನ ಆಚೆ, ಹಿಂದೆ ವಿಮಾನ ಇಳಿಯುತ್ತಿದ್ದ ಹಳೆಯ ಮೈದಾನದಲ್ಲಿ. ಊರಿಗೆ ಊರೇ ಅಲ್ಲಿ ಸೇರಿತ್ತು. ಮೈದುನ ಎರಡು ಉಂಡೆ ಹತ್ತಿ ಕೊಟ್ಟು ಕಿವಿಗಿಟ್ಟುಕೊಳ್ಳಿ ಅಂದ. ನಾಲ್ಕು ಮಕ್ಕಳ ಅಳು ತಡೆದ ಕಿವಿಗೆ ಇದೇನು ಮಹಾ? ದೀಪದ ಬತ್ತಿಗಾದೀತೆಂದು ಸೆರಗಿಗೆ ಗಂಟು ಹಾಕಿಕೊಂಡೆ.

ಬಾವುಟ ಬೀಸಿದರು. ನೂರು ಹಿಟ್ಟಿನ ಗಿರಣಿ ಒಟ್ಟಿಗೆ ಶುರುವಾದ ಹಾಗೆ! ಹಲ್ಲಿನೊಳಗೂ ಸದ್ದು. ಎತ್ತು ಗಾಣ ಸುತ್ತಿದ ಹಾಗೆ ಸುತ್ತಿದಲ್ಲೇ ಸುತ್ತುತ್ತಾರಲ್ಲ, ಇದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ಮೊದಲು ಅಂದುಕೊಂಡೆ. ಮೂರನೆಯ ಸುತ್ತಿಗೆ ನಾನೇ ಎದ್ದು ನಿಂತು ಕೆಂಪು ಕಾರಿಗೆ "ನುಗ್ಗಲಾ, ನುಗ್ಗು" ಎಂದು ಕಿರುಚುತ್ತಿದ್ದೆ. ಒಂದು ಚಪ್ಪಲಿ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ತಿರುಗಿ ನೋಡಿದರೆ ಮೈದುನ ಕಣ್ಣು ಮುಚ್ಚಿ ಕೂತಿದ್ದಾನೆ. ತಿವಿದೆ. ಎಲ್ಲರಿಗಿಂತ ಹಿಂದೆ ಕೆಮ್ಮುತ್ತಾ ಬರುತ್ತಿದ್ದ ನೀಲಿ ಕಾರನ್ನು ತೋರಿಸಿ, ನನ್ನ ಕಿವಿಗೇ ಬಾಯಿಟ್ಟು ಕೂಗಿದ: "ಅದ್ರೊಳ್ಗೆ ನಾನು ಕಡ್ದಿರೋ ತುಂಡು ಐತೆ ಅತ್ಗೆ. ಉಂಗ್ರದಷ್ಟು. ಮೂರು ವರ್ಸದಿಂದ ಅರ್ಧಕ್ಕೇ ನಿಂತೋಯ್ತಾ ಐತೆ ಆ ಕಾರು."

ಕೆಂಪು ಕಾರು ಗೆದ್ದಿತು. ಜನ ಏಳತೊಡಗಿದರು. ನಾವಿಬ್ಬರು ಏಳಲಿಲ್ಲ. ನೀಲಿಯದು ಕಟ್ಟಕಡೆಗೆ, ಹೊಗೆ ಕಾರುತ್ತಾ, ಗೆರೆ ದಾಟಿತು. ಮೈದುನ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಏನೋ ಹೇಳಿದ. ಅಷ್ಟರಲ್ಲಿ ನನ್ನ ಕಿವಿ ಹೋಗಿತ್ತು.

ಮಾರನೆಯ ಬೆಳಿಗ್ಗೆ ರೈಲಿಳಿದವಳು ಮನೆಗೆ ಹೋಗದೆ, ಬರಿಗಾಲಲ್ಲೇ ಮಾಕಳಿಯ ಬಸ್ಸು ಹತ್ತಿದೆ. ಹುಡುಗಿಯ ಅಪ್ಪ ಬಾಗಿಲಲ್ಲೇ ಏನೋ ಶುರುಮಾಡಿದರು. ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿತ್ತು.

"ಕುದ್ರೆ ಅಲ್ಲ, ಕಾರು. ತಾನು ಕಡ್ದ ತುಂಡು ಕೊನೇಗಂಟ ಓಡ್ತದಾ ಅಂತ ನೋಡಕ್ಕೋಯ್ತಾನೆ. ಕಣ್ಣಾರೆ ಕಂಡೆ" ಅಂದೆ.

ಅವರ ಬಾಯಿ ಆಡುತ್ತಲೇ ಇತ್ತು. ಬೇಡ ಅಂದರೋ, ಯೋಚಿಸುತ್ತೇವೆ ಅಂದರೋ, ದೇವರೇ ಬಲ್ಲ. "ಒಳ್ಳೇದು, ಅಂಗೇ ಮಾಡಿ" ಎನ್ನುತ್ತಾ ಒಳಗೆ ಹೋಗಿ ಚಾಪೆ ಮೇಲೆ ಕೂತೆ. ಅವರು ಕೂಗಿ ಕೂಗಿ ಸುಸ್ತಾಗಿ ಎದುರಿಗೆ ಕೂತರು. ಬಾಗಿಲ ಸಂದಿಯಲ್ಲಿ ಹುಡುಗಿ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು.

ಅವಳನ್ನು ಕರೆದು, ಗಂಟು ಬಿಚ್ಚಿ, ಹತ್ತಿಯ ಉಂಡೆಗಳನ್ನು ಅಂಗೈಗೆ ಹಾಕಿದೆ.

"ಬರೋ ವರ್ಸ ನೀನೋಗು. ಇದ್ನ ಕಿವಿಗಿಟ್ಕೋ. ಕೊನೇಲಿ ಅಳ್ತಾ ಏನೋ ಯೋಳ್ತಾನೆ, ಆವಾಗ ತಗ್ದು ಕೇಳ್ಸ್ಕೋ. ನಂಗೆ ಕೇಳ್ಸ್‌ನಿಲ್ಲ."