ಗೋಡೆಗೆ ಬಂದ ಜ್ವರ

ಪುತ್ತೂರು–ಸುಳ್ಯ ರಸ್ತೆ ಬದಿಯಲ್ಲಿ ಪ್ರಾಯವಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನಾನು ನರ್ಸ್. ಏಪ್ರಿಲ್ ಬಂತೆಂದರೆ ನಮ್ಮ ತಾರಸಿ ಕಾವಲಿಯ ಹಾಗೆ ಕಾಯುತ್ತದೆ. ಸೋಗೆ ಹೊದಿಸಿ ನೀರು ಹಾಕಿದರೂ ಒಳಗೆ ಧಗಧಗ. ಅಜ್ಜ ಅಜ್ಜಿಯರನ್ನು ಈ ಸೆಕೆಯಿಂದ ಕಾಪಾಡಲು ನಾವು ಒಂದು ಉಪಾಯ ಮಾಡಿದರೆ ಅವರ ಹತ್ತಿರ ಅದನ್ನು ಕೆಡಿಸುವ ಉಪಾಯ ಮೊದಲೇ ತಯಾರಿರುತ್ತದೆ. ಹಾಗಾಗಿ ನಮ್ಮಲ್ಲಿ ಬೇಸಗೆ ಪೂರ್ತಿ ಇಂಥ ಕಥೆಗಳೇ.

ಫ್ಲಾಸ್ಕ್

ಈಶ್ವರಮಂಗಲ ಕಡೆಯ ಒಬ್ಬರು ಅಜ್ಜಿ ಎಂಥ ಸೆಕೆಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಒಂದು ದಿನ ನೋಡಿದರೆ ಮುಖ ಕೆಂಪಗೆ, ಕತ್ತಿನಿಂದ ಬೆವರು ಧಾರೆ. ಈ ಪ್ರಾಯದಲ್ಲಿ ಸೆಕೆ ತಲೆಗೇರಿದರೆ ಕಷ್ಟ. ನನಗೆ ಹೆದರಿಕೆಯಾಯಿತು.

"ಅಜ್ಜೀ, ಸ್ವೆಟರ್ ತೆಗೆಯಿರಿ. ಬೆಂದು ಹೋಗ್ತೀರಿ."

"ನೀನು ನರ್ಸಿಂಗ್ ಓದಿದ್ದು ಹೌದಾ ಮಾರಾಯ್ತಿ? ಫ್ಲಾಸ್ಕಿಗೆ ಐಸ್ ಹಾಕಿದ್ರೆ ಎಂತ ಆಗ್ತದೆ?"

"ತಣ್ಣಗೆ ಇರ್ತದೆ."

"ಹೊರಗಿನ ಬಿಸಿ ಒಳಗೆ ಹೋಗುದಿಲ್ಲ ಅಲ್ವಾ? ಇದೂ ಹಾಗೆಯೇ."

ವಾದದಲ್ಲಿ ಸೋತೆ. ಕೊನೆಗೆ ಒಗೆಯಲಿಕ್ಕೆ ಉಂಟು ಎಂದು ಸುಳ್ಳು ಹೇಳಿ ಸ್ವೆಟರ್ ಬಿಚ್ಚಿಸಿದೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಫ್ಯಾನ್ ಹಾಕಿ, ಪುನರ್ಪುಳಿ ಶರಬತ್ತು ಕುಡಿಸಿದೆ. ಸ್ವಲ್ಪ ಹೊತ್ತಿನಲ್ಲಿ ಅಜ್ಜಿಯ ಮುಖ ತಿಳಿಯಾಯಿತು. ಹಾಯಾಗಿ ಕಣ್ಣು ಮುಚ್ಚಿ ಹೇಳಿದರು: "ನೋಡಿದ್ಯಾ? ಇಷ್ಟು ದಿನ ಸ್ವೆಟರಿನೊಳಗೆ ಕೂಡಿಟ್ಟ ತಂಪು ಈಗ ಹೊರಗೆ ಬರ್ತಾ ಉಂಟು!"

ತಣ್ಣೀರು ಪಟ್ಟಿ

ಟಿವಿ ಇರುವ ಹಾಲ್‌ನ ಗೋಡೆಯಲ್ಲಿ ಸೆಕೆ ಅಳೆಯುವ ಥರ್ಮಾಮೀಟರ್ ಉಂಟು. ಅದರ ಕೆಂಪು ಗೆರೆ ನಾವು ಗುರುತು ಮಾಡಿದಲ್ಲಿಗೆ ಏರಿದರೆ ಎಲ್ಲರೂ ಟಿವಿ ಬಿಟ್ಟು ಕೆಳಗಿನ ಎಸಿ ಕೋಣೆಗೆ ಹೋಗಬೇಕು. ಸುಳ್ಯದ ರಿಟೈರ್ಡ್ ಮಾಸ್ಟ್ರಿಗೆ ಇದು ಆಗಿಬರುತ್ತಿರಲಿಲ್ಲ. ಅವರ ಧಾರಾವಾಹಿ ಅದೇ ಹೊತ್ತಿಗೆ.

"ಜ್ವರ ಇರುದು ಗೋಡೆಗೆ. ನಾನ್ಯಾಕೆ ಹೋಗುದು?" ಎಂದು ದಿನಾ ಗೊಣಗುತ್ತಿದ್ದರು.

ಒಂದು ಮಧ್ಯಾಹ್ನ ಕುಳಿತಲ್ಲೇ ಬೆವರು ಹರಿಯುವ ಸೆಕೆ. ಥರ್ಮಾಮೀಟರಿನ ಗೆರೆ ಮಾತ್ರ ಗುರುತಿಗಿಂತ ಎಷ್ಟೋ ಕೆಳಗೆ! ಕೆಟ್ಟಿತೋ ಎಂದು ಹತ್ತಿರ ಹೋದೆ. ಅದರ ಬುಡಕ್ಕೆ ಒದ್ದೆ ಕರ್ಚೀಫು ಸುತ್ತಿತ್ತು.

"ಮಾಸ್ಟ್ರೇ, ಇದೆಂತ?"

ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು: "ತಣ್ಣೀರು ಪಟ್ಟಿ. ಜ್ವರ ಬಂದವರಿಗೆ ನೀವೂ ಅದೇ ಹಾಕುದಲ್ವಾ? ಈಗ ಇಳಿದಿದೆ. ಪಾಪ, ರೋಗಿಗೆ ತೊಂದರೆ ಕೊಡ್ಬೇಡಿ."

ಕೆಳಗಿನ ಕೋಣೆ

ಅಂತೂ ಒಂದು ದಿನ ಎಲ್ಲರನ್ನೂ ಎಸಿ ಕೋಣೆಗೆ ಸೇರಿಸಿದೆವು. ಅಲ್ಲಿ ಹೋದ ಮೇಲೆ ಚಳಿಯ ಗಲಾಟೆ. ಬಿಳಿ ಬೆಡ್‌ಶೀಟನ್ನು ತಲೆಯಿಂದ ಕಾಲಿನವರೆಗೆ ಎಳೆದುಕೊಂಡು ಸಾಲು ಮಂಚಗಳಲ್ಲಿ ಮಲಗಿಬಿಟ್ಟರು. ಊಟದ ಮೇಲಿನ ನಿದ್ದೆ, ಒಬ್ಬರೂ ಅಲ್ಲಾಡುವುದಿಲ್ಲ.

ಅದೇ ಹೊತ್ತಿಗೆ ನಮ್ಮಲ್ಲಿರುವ ಜಾಲ್ಸೂರಿನ ಅಜ್ಜನ ತಂಗಿಯ ಮಗ, ಸುಬ್ರಹ್ಮಣ್ಯಕ್ಕೆ ಹೋದವರು, ಪ್ರಸಾದ ಹಿಡಿದುಕೊಂಡು ಬಂದರು. ಎದುರಿಗೆ ಸಿಕ್ಕಿದ್ದು ನಮ್ಮ ಅಡುಗೆಯಕ್ಕ.

"ಅಕ್ಕಾ, ನಮ್ಮ ಮಾವ ಎಲ್ಲಿದ್ದಾರೆ?"

"ಕೆಳಗೆ ತಂಪಿನ ಕೋಣೆಯಲ್ಲಿ ಇಟ್ಟಿದ್ದೇವೆ. ಈ ಸೆಕೆಗೆ ಹೊರಗೆ ಇಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ."

ಅವರ ಮುಖ ಬಿಳಿಚಿತು. "ಯಾವಾಗ... ಯಾವಾಗ ಆದದ್ದು?"

"ಈಗಷ್ಟೇ. ಊಟ ಆದ ಕೂಡಲೇ."

ಆ ಮನುಷ್ಯ ಮೆಟ್ಟಿಲು ಹಾರಿಕೊಂಡು ಓಡಿದರು. ಸದ್ದು ಕೇಳಿ ನಾನೂ ಹಿಂದೆ ಓಡಿದೆ. ಬಾಗಿಲನ್ನು ಪೂರ್ತಿ ತೆರೆದು ನೋಡಿದರೆ ಒಬ್ಬರಲ್ಲ, ಸಾಲು ಸಾಲು! ಅಲ್ಲೇ ಹೊಸ್ತಿಲಲ್ಲಿ ಕುಸಿದು, "ಮಾವಾ, ಒಂದು ಮಾತು ಹೇಳದೆ ಹೋದ್ರಲ್ಲಾ!" ಎಂದು ದೊಡ್ಡ ಸ್ವರದಲ್ಲಿ ಅಳಲು ಶುರು ಮಾಡಿದರು.

ನಾನು ಬಾಯಿ ತೆರೆಯುವ ಮೊದಲೇ ಮೂಲೆಯ ಮಂಚದಲ್ಲಿ ಅವರ ಮಾವನ ಬೆಡ್‌ಶೀಟ್ ಮೂಗಿನವರೆಗೆ ಕೆಳಗೆ ಸರಿಯಿತು.

"ಅಳುದಾದ್ರೆ ಒಳಗೆ ಬಂದು, ಬಾಗಿಲು ಹಾಕಿ ಅಳು ಮಾರಾಯ! ಎಸಿಯ ತಂಪೆಲ್ಲ ಹೊರಗೆ ಹೋಗ್ತಾ ಉಂಟು!"