ಕತ್ತಲಕೋಣೆಯ ಚಿಲಕ

ಬೆಳಗ್ಗೆ ಒಂಬತ್ತಕ್ಕೆ ಪ್ರಯೋಗಾಲಯದ ಕತ್ತಲಕೋಣೆಯ ಚಿಲಕ ಕಿತ್ತು ಅವಸರಪ್ಪನ ಕೈಗೇ ಬಂತು. ಬಡಗಿಗೆ ಹೇಳಿಕಳಿಸಿದರೆ ನಾಳೆ ಬರುತ್ತೇನೆಂದ. ಆದರೆ ಲೇಸರ್ ಇವನ ಪಾಲಿಗೆ ಇದ್ದದ್ದು ಇವತ್ತೊಂದೇ ದಿನ. ಮತ್ತೆ ಸರದಿ ಬರುವುದು ಮುಂದಿನ ವರ್ಷ. ಅಷ್ಟರೊಳಗೆ ಇವನ ಪಿಎಚ್‌ಡಿ ಅವಧಿಯೇ ಮುಗಿದಿರುತ್ತದೆ.

ಅವಸರಪ್ಪ ಎಂಬುದು ಪ್ರಯೋಗಾಲಯದವರು ಇಟ್ಟ ಹೆಸರು. ಲೇಸರ್ ವಿದ್ಯೆಯಲ್ಲಿ ಆಸಾಮಿ ಗಟ್ಟಿಗ; ಒಂದು ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿ ಯಾವ ಚೂರಿನಲ್ಲಿ ಏನು ನಡೆಯಿತೆಂದು ಹೇಳಬಲ್ಲ. ಗಿಡಗಳ ವಿಚಾರಕ್ಕೆ ಮಾತ್ರ ಪೂರಾ ಹೊಸಬ. ಗಿಡ ಬೆಳಕಿನತ್ತ ಬಾಗುವುದು ತನ್ನೊಳಗಿನ ಒಂದು ಪ್ರೋಟೀನಿನಿಂದ. ಬೆಳಕು ಬಿದ್ದೊಡನೆ ಅದಕ್ಕೆ ಎಚ್ಚರವಾಗುತ್ತದೆ. ಆ ಎಚ್ಚರದ ಮೊದಲ ಕ್ಷಣವನ್ನು ಲೇಸರಿನಿಂದ ಹಿಡಿಯುವುದೇ ಇವನ ಕೆಲಸ. ಪಕ್ಕದ ವಿಭಾಗದ ಅಕ್ಕ ಎಂಟು ತಿಂಗಳು ಒದ್ದಾಡಿ ತಯಾರಿಸಿದ ಐದೇ ಐದು ಟ್ಯೂಬು ಪ್ರೋಟೀನು ಕೊಟ್ಟು, ಅಳೆಯುವ ಮೊದಲೇ ಬೆಳಕು ತಾಗದಂತೆ ನೋಡಿಕೋ ಎಂದಿದ್ದಳು.

ಅವಸರಪ್ಪ ದಪ್ಪಕ್ಷರದಲ್ಲಿ ‘ಬಾಗಿಲು ತೆಗೆಯಬೇಡಿ’ ಎಂದು ಬರೆದು ಹೊರಗೆ ಅಂಟಿಸಿದ. ಅಲ್ಲಿಂದ ಶುರುವಾಯಿತು ಗ್ರಹಚಾರ. ವರ್ಷವಿಡೀ ಆ ಕಡೆ ತಲೆಹಾಕದವರಿಗೂ ಒಳಗೇನಿದೆ ಎಂಬ ಕುತೂಹಲ ಹತ್ತಿಕೊಂಡಿತು.

ಮೊದಲು ಗುಮಾಸ್ತರು ಬಾಗಿಲು ತೆಗೆದು, ಯಾಕೆ ತೆಗೆಯಬಾರದು ಎಂದು ವಿಚಾರಿಸಿದರು. ಹೊರಗಿನ ಬೆಳಕೆಲ್ಲ ಮೇಜಿನ ಮೇಲಿದ್ದ ಮೊದಲ ಟ್ಯೂಬಿನ ಮೇಲೆ ಬಿತ್ತು; ಉಳಿದವು ಕಪ್ಪು ಡಬ್ಬಿಯೊಳಗಿದ್ದವು. ಅವಸರಪ್ಪ ಹಲ್ಲು ಕಚ್ಚಿಕೊಂಡು ಅದನ್ನು ಸಿಂಕಿಗೆ ಸುರಿದ. ಆಮೇಲೆ ಕಾವಲುಗಾರ ಬಂದು, ಒಳಗೆ ಯಾರೂ ಸಿಕ್ಕಿಹಾಕಿಕೊಂಡಿಲ್ಲವಲ್ಲ ಎಂದು ಟಾರ್ಚು ಬಿಟ್ಟು ನೋಡಿದ. ಎರಡನೆಯದೂ ಸಿಂಕಿಗೆ ಹೋಯಿತು. ಪಕ್ಕದ ಮೇಜಿನ ಗೆಳೆಯ ಬಾಗಿಲನ್ನು ಪೂರ್ತಿ ತೆರೆದು ನಿಂತು, ಇನ್ನು ಯಾರೂ ತೆರೆಯದಂತೆ ತಾನೇ ಕಾಯುವುದಾಗಿ ಮಾತು ಕೊಟ್ಟ. ಮೂರನೆಯದು ಹೋಯಿತು. ಅರ್ಧ ಗಂಟೆ ಬಿಟ್ಟು ಅದೇ ಪುಣ್ಯಾತ್ಮ, ಯಾರಾದರೂ ತೊಂದರೆ ಕೊಟ್ಟರೇ ಎಂದು ಕೇಳಲು ಇಣುಕಿದ. ನಾಲ್ಕನೆಯದೂ ಹೋಯಿತು.

ಅವಸರಪ್ಪ ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಕೊನೆಯ ಟ್ಯೂಬು ಎತ್ತಿಕೊಂಡ. ಅಷ್ಟರಲ್ಲಿ ಕುರ್ಚಿ ಕರ್ರೆಂದು ಸರಿಯಿತು. ಕೆಲಸ ಎಲ್ಲಿಗೆ ಬಂತೆಂದು ನೋಡಿಹೋಗಲು ಅಕ್ಕನೇ ಬಂದಿದ್ದಳು. ಅವಸರಪ್ಪನಿಗೆ ಅಳುವೇ ಬಂತು. ಐದನೆಯದನ್ನೂ ಅವಳ ಕಣ್ಣೆದುರೇ ಸುರಿದು ನಲ್ಲಿ ತಿರುಗಿಸಿದ.

“ಯಾಕೋ ಚೆಲ್ಲಿದೆ?”

“ಬೆಳಕು ಬಿತ್ತಲ್ಲಕ್ಕ, ಕೆಟ್ಟುಹೋಯ್ತು. ಐದೂ ಹೀಗೇ ಆಯ್ತು, ಐದನ್ನೂ ಚೆಲ್ಲಿದೆ.”

ಅಕ್ಕ ಬಂದು ನಲ್ಲಿ ನಿಲ್ಲಿಸಿದಳು. ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

“ಅದು ಕೆಡೋದಲ್ಲ ಕಣೋ, ಎಚ್ಚರ ಆಗುತ್ತೆ ಅಷ್ಟೆ. ಗಿಡಕ್ಕೆ ದಿನಾ ಬೆಳಗಾಗಲ್ವಾ? ಬಾಗಿಲು ಮುಚ್ಕೊಂಡು ಹತ್ತು ನಿಮಿಷ ಕತ್ತಲಲ್ಲಿ ಸುಮ್ಮನೆ ಕೂತಿದ್ರೆ ತಾನಾಗೇ ಮತ್ತೆ ಮಲಗ್ತಿತ್ತು.”

ಅವಸರಪ್ಪ ಗಡಿಯಾರ ನೋಡಿದ. ಇನ್ನೂ ಹನ್ನೊಂದೂವರೆ. ಸಂಜೆ ಆರರವರೆಗೆ ಲೇಸರ್ ಇವನದೇ. ಅಂಥ ಹತ್ತು ನಿಮಿಷಗಳು ಬೇಕಾದಷ್ಟಿದ್ದವು.